ಬಿಸಿ ಇಳಿಯಿತು

ಬಿಸಿಯನ್ನು ಅಳೆಯುವುದಕ್ಕೆ ನಮ್ಮ ಮನೆಯಲ್ಲಿ ಬಹುಕಾಲ ಇದ್ದ ಸಾಧನವೆಂದರೆ ಅಮ್ಮನ ಅಂಗೈ. ಮಕ್ಕಳಲ್ಲಿ ಯಾರಿಗಾದರೂ ಮೈ ಬೆಚ್ಚಗಾದರೆ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದು ಹಣೆಯ ಮೇಲೆ ಅಂಗೈಯಿಡುವಳು. ಅಷ್ಟಕ್ಕೇ ಬಿಡುವವಳಲ್ಲ. ಹಣೆ ಮುಟ್ಟಿದ ಕೈಯಲ್ಲೇ ಅಂಗಾಲನ್ನೂ ಮುಟ್ಟಿ ನೋಡುವಳು. ಹಣೆ ಸುಡುತ್ತಿದ್ದು ಕಾಲೂ ಬೆಚ್ಚಗಿದ್ದರೆ “ಜ್ವರ, ಇಳೀತದೆ ಬಿಡು” ಎಂದು ಕಷಾಯ ಕಾಯಿಸಲು ಹೋಗುವಳು. ಹಣೆಯೂ ತಣ್ಣಗೆ, ಅಂಗಾಲೂ ತಣ್ಣಗೆ ಆದರೆ ಮಾತ್ರ ಅವಳ ಮುಖದ ಬಣ್ಣ ಬದಲಾಗುತ್ತಿದ್ದಿತು. “ಗಾಡಿ ಕಟ್ಟಿಸಿ” ಎನ್ನುತ್ತಿದ್ದಳು. ಜ್ವರ ಬಿಟ್ಟಿದೆಯಲ್ಲ, ಇನ್ನೇಕೆ ಗಾಡಿ ಎಂದು ಅಪ್ಪ ಕೇಳಿದರೆ ಕಾರಣ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಡೆಂಗೆ ಜ್ವರದಲ್ಲಿ ಅಪಾಯದ ಗಳಿಗೆ ಬರುವುದು ಜ್ವರ ಏರಿದಾಗಲ್ಲ, ಬಿಡುವ ಹೊತ್ತಿನಲ್ಲಿ ಎಂದು ವೈದ್ಯರು ಹೇಳುವುದನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಆ ಅಂಗೈಯ ನೆನಪಾಗುತ್ತದೆ.

ಈಗ ಅದನ್ನು ನೆನೆಯುವುದಕ್ಕೆ ಕಾರಣ ಜ್ವರವಲ್ಲ, ಒಂದು ಎಂಜಿನ್. ಅದೂ ನಮ್ಮ ಭೀಮಸಮುದ್ರದಲ್ಲಿ ಯಾರೂ ಕಂಡಿಲ್ಲದ, ಕಂಡರೂ ಯಾವ ಉಪಯೋಗಕ್ಕೂ ಬಾರದ ಒಂದು ಬಂಡಿಯ ಎಂಜಿನ್.

ಭೀಮಸಮುದ್ರವೆಂದರೆ ದೂರದವರಿಗೆ ಕಡಲ ತೀರದ ಊರೆಂಬ ಭ್ರಮೆಯಾಗಬಹುದು. ಚಿತ್ರದುರ್ಗದ ಬಿಸಿಲ ಬಯಲಿಗೆ ಸಮುದ್ರ ಎಲ್ಲಿಂದ ಬರಬೇಕು? ಇರುವುದು ಒಂದು ಕೆರೆ. ಆದರೆ ದೊಡ್ಡ ಕೆರೆ. ಅದರ ನೀರನ್ನು ನಂಬಿದ ತೋಟಗಳು, ತೋಟಗಳನ್ನು ನಂಬಿದ ಅಡಿಕೆ ವ್ಯಾಪಾರ, ಅಡಿಕೆಯನ್ನು ನಂಬಿದ ನಾವು. ನಮ್ಮ ಮನೆಯ ತೋಟ ನೋಡಿಕೊಳ್ಳುವವನು ನನ್ನ ತಮ್ಮ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತನಾಗಿ, ಈಗ ಅವನ ತೋಟದಲ್ಲಿ ಬೆಳಗಿನ ಗಾಳಿ ಸೇವಿಸುತ್ತ, ಕೇಳದಿದ್ದರೂ ಸಲಹೆ ಕೊಡುವ ಅಣ್ಣ. ತಮ್ಮನ ಮಗ ಎಂಜಿನಿಯರಿಂಗ್ ಓದಿ ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ಕೆಲಸಕ್ಕಿದ್ದಾನೆ.

ಆ ಸಂಸ್ಥಾನಕ್ಕೆ ಹತ್ತು ಸಾವಿರ ಕೆರೆಗಳ ನಾಡೆಂದೇ ಹೆಸರು. ಒಂದು ಕೆರೆಯ ಊರಿನಿಂದ ಹೋದವನು ಹತ್ತು ಸಾವಿರ ಕೆರೆಗಳ ನಾಡು ಸೇರಿದನೆಂದು ನಾವೆಲ್ಲ ಹಿಗ್ಗಿದೆವು. ಚಳಿಗಾಲದಲ್ಲಿ ಆ ಕೆರೆಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ ಎಂಬುದು ಆಮೇಲೆ ತಿಳಿಯಿತು. ನಮ್ಮ ಕೆರೆಯ ನಡುವೆ ನಡೆದು ಹೋಗಬೇಕಾದರೆ ಬರಗಾಲ ಬರಬೇಕು. ಅವರ ಕೆರೆಗೆ ಚಳಿಗಾಲ ಬಂದರೆ ಸಾಕು. ಅಲ್ಲಿಯವರಾದರೋ ನಡೆಯುವುದೂ ಇಲ್ಲ. ಸ್ನೋಮೊಬೈಲ್ ಎಂಬ ಹಿಮದ ಬಂಡಿಯ ಮೇಲೆ ಹಾರುತ್ತಾರೆ. ಮುಂದೆ ಎರಡು ಜಾರುಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂತೆ ಸುತ್ತುವ ಅಗಲವಾದ ರಬ್ಬರು ಪಟ್ಟಿ, ನಡುವೆ ಎಂಜಿನ್, ಮೇಲೆ ಮೋಟಾರು ಸೈಕಲ್ಲಿನ ಹಾಗೆ ಕಾಲು ಹಾಕಿ ಕೂರುವ ಆಸನ. ಆ ಸಂಸ್ಥಾನದ ಉತ್ತರ ತುದಿಯ ರೋಸೋ ಎಂಬ ಸಣ್ಣ ಊರಿನಲ್ಲಿ ಬೇಸಾಯದ ಸಾಮಾನು ಮಾಡುತ್ತಿದ್ದ ಕಾರ್ಯಾಗಾರದವರು 1950ರ ದಶಕದಲ್ಲಿ ಇಂಥ ಬಂಡಿಗಳನ್ನು ಕಟ್ಟತೊಡಗಿದರು. ಪೋಲಾರಿಸ್ ಎಂಬ ಕಂಪನಿ ಬೆಳೆದದ್ದು ಹಾಗೆ. ಹೋದ ಊರಿನ ಹುಚ್ಚು ಹೋದವರಿಗೂ ಹತ್ತಬೇಕಷ್ಟೆ. ನಮ್ಮ ಹುಡುಗನೂ ಒಂದು ಹಳೆಯ ಬಂಡಿ ಕೊಂಡ.

ಕೊಂಡದ್ದನ್ನು ಇದ್ದ ಹಾಗೆಯೇ ಓಡಿಸಿದ್ದರೆ ಈ ಪ್ರಬಂಧಕ್ಕೆ ಅವಕಾಶವಿರುತ್ತಿರಲಿಲ್ಲ. ಆ ಬಂಡಿಯದು ಎರಡು ಸಿಲಿಂಡರಿನ, ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್ ಎಂಜಿನ್. ಹಿಂದಿನ ಯಜಮಾನ ಹೊಗೆಕೊಳವೆ ಬದಲಾಯಿಸಿ ಅದರ ವೇಗ ಹೆಚ್ಚಿಸಿದ್ದನಂತೆ. ಇವನು ಅದನ್ನು ಮತ್ತಷ್ಟು ಹೆಚ್ಚಿಸಲು ಹೊರಟ. ಟೂ-ಸ್ಟ್ರೋಕ್ ಎಂದ ಮೇಲೆ ನಮ್ಮ ಮನೆಯಲ್ಲಿ ದೊಡ್ಡಪ್ಪನನ್ನು ಬಿಟ್ಟರೆ ಕೇಳುವವರು ಯಾರು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರು ಸೈಕಲ್ ಮಾಡಲು ತೊಡಗಿ, 1973ರಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಒಂದು ಯೆಜ್ಡಿ ಇವತ್ತಿಗೂ ನಮ್ಮ ಹಿತ್ತಿಲ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿದೆ. ಅದು ನನ್ನದು. ಅದರ ವಿಷಯ ಮುಂದೆ ಬರುತ್ತದೆ, ಬಾರದಿದ್ದರೆ ಒಳ್ಳೆಯದಿತ್ತು.

ಅಲ್ಲಿ ಸಂಜೆ ಎಂಟಾದಾಗ ಇಲ್ಲಿ ಬೆಳಿಗ್ಗೆ ಏಳೂವರೆ. ಕಾಫಿಯ ಲೋಟ ಕೈಯಲ್ಲಿರುವಾಗ ದೂರವಾಣಿ ಬರುತ್ತಿತ್ತು. ಒಂದು ದಿನ ಅವನು ತನ್ನ ಬಂಡಿಯ ಮುಂದೆ ಕೂಡಿಸಿದ ಹೊಸ ಮಾಪಕದ ಚಿತ್ರ ಕಳುಹಿಸಿದ. ಹೊಗೆಯ ಬಿಸಿಯನ್ನು ಅಳೆಯುವ ಮಾಪಕ. ಒಂದೊಂದು ಸಿಲಿಂಡರಿನ ಹೊಗೆಕೊಳವೆಗೂ ಒಂದೊಂದು ತೂತು ಕೊರೆದು, ಪೆನ್ಸಿಲಿನಂಥ ಕಡ್ಡಿಯೊಂದನ್ನು ಒಳಗೆ ಇಳಿಬಿಟ್ಟಿದ್ದಾನೆ. ಆ ಕಡ್ಡಿಯೊಳಗೆ ಎರಡು ಬೇರೆ ಬೇರೆ ಮಿಶ್ರಲೋಹದ ತಂತಿಗಳ ತುದಿಗಳನ್ನು ಬೆಸೆದಿರುತ್ತಾರೆ. ಬೆಸುಗೆ ಬಿಸಿಯಾದರೆ ಆಚೆಯ ತುದಿಗಳಲ್ಲಿ ಅತ್ಯಲ್ಪ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ: ಒಂದು ಸೆಲ್ಸಿಯಸ್ ಡಿಗ್ರಿಗೆ ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 41 ಪಾಲು. ಅಷ್ಟನ್ನೇ ಹಿಡಿದು ಮಾಪಕ ಅಂಕಿ ತೋರಿಸುತ್ತದೆ. ಈ ತತ್ವವನ್ನು 1821ರಲ್ಲಿ ಕಂಡವನು ಜರ್ಮನಿಯ ಸೀಬೆಕ್. ಎರಡು ಲೋಹಗಳ ಕುಣಿಕೆಯ ಒಂದು ಬೆಸುಗೆಯನ್ನು ಕಾಯಿಸಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಅಲುಗಿತು. ಮುಳ್ಳು ಅಲುಗಿದ್ದು ನಿಜ. ಆದರೆ ಕಾರಣ ಆಯಸ್ಕಾಂತ ಶಕ್ತಿಯೆಂದೇ ಆ ಮಹಾಶಯ ನಂಬಿದ. ವಿದ್ಯುತ್ತೆಂದು ಹೇಳಿದವರು ಬೇರೆಯವರು. ಮಕ್ಕಳಿಗೆ ಈ ಪಾಠ ಹೇಳಿದಷ್ಟು ವರ್ಷವೂ ನಾನು ಈ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದೆ. ಮುಳ್ಳನ್ನು ಸರಿಯಾಗಿ ನೋಡಿಯೂ ತಪ್ಪು ಅರ್ಥ ಮಾಡಬಹುದೆಂಬುದು ಅದರೊಳಗಿನ ಪಾಠವೆಂದು ನನಗೇ ಹೊಳೆದಿರಲಿಲ್ಲ.

ಚಿತ್ರದಲ್ಲಿ ಮಾಪಕ 1220 ಎಂದು ತೋರಿಸುತ್ತಿತ್ತು. ಅಮೆರಿಕದ ಲೆಕ್ಕ, ಫ್ಯಾರನ್‌ಹೀಟ್. ಕಾಫಿ ಪಕ್ಕಕ್ಕಿಟ್ಟು ಸೆಲ್ಸಿಯಸ್ಸಿಗೆ ತಿರುಗಿಸಿದೆ: 660. ನನ್ನ ಎದೆ ಧಸಕ್ಕೆಂದಿತು. ಅಲ್ಯೂಮಿನಿಯಂ ಕರಗುವುದು ಸರಿಯಾಗಿ 660 ಡಿಗ್ರಿಯಲ್ಲಿ; ಎಂಜಿನ್ನಿನ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಣದ್ದು. “ಮಗಾ, ನಿನ್ನ ಪಿಸ್ಟನ್ ಪಾಯಸವಾಗ್ತದೆ ಕಣೋ, ನಿಲ್ಲಿಸು!” ಎಂದು ಕೂಗಿದೆ. ಅವನು ನಕ್ಕುಬಿಟ್ಟ. “ಅದು ಹೊಗೆಯ ಬಿಸಿ ದೊಡ್ಡಪ್ಪಾ, ಪಿಸ್ಟನ್ನಿನದಲ್ಲ” ಎಂದ.

ಹುಡುಗ ಹೇಳಿದ್ದು ಸರಿ. ಸಿಲಿಂಡರಿನ ಒಳಗೆ ಉರಿಯುವ ಗಾಳಿಯ ಬಿಸಿ ಒಂದು ಕ್ಷಣ ಎರಡು ಸಾವಿರ ಸೆಲ್ಸಿಯಸ್ ದಾಟುತ್ತದೆ. ಆ ಲೆಕ್ಕಕ್ಕೆ ಯಾವ ಪಿಸ್ಟನ್ನೂ ಒಂದು ನಿಮಿಷ ಬಾಳಬಾರದು. ಆದರೂ ಬಾಳುತ್ತದೆ. ಉರಿ ಇರುವುದು ಒಂದು ಗಳಿಗೆ ಮಾತ್ರ. ಮರುಗಳಿಗೆಯಲ್ಲೇ ಹಸಿ ಪೆಟ್ರೋಲು ಬೆರೆತ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ನು ತನ್ನ ಬಿಸಿಯನ್ನು ಸಿಲಿಂಡರಿನ ಗೋಡೆಗೆ ಕೊಟ್ಟುಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಲೋಹಕ್ಕೆ ಅಂಟಿಕೊಂಡಂತೆ ಗಾಳಿಯದೇ ಒಂದು ತೆಳುವಾದ ಪದರವಿದ್ದು, ಅದು ಕಂಬಳಿಯ ಹಾಗೆ ಉರಿಯನ್ನು ತಡೆಯುತ್ತದೆ. ಈ ಕಂಬಳಿಯ ವಿಷಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಹಾಗಾದರೆ ಹೊಗೆಯ ಬಿಸಿ ನೋಡಿ ಏನು ಪ್ರಯೋಜನ? ಅದರಿಂದ ಗಾಳಿ ಮತ್ತು ಪೆಟ್ರೋಲಿನ ಹದ ತಿಳಿಯುತ್ತದೆ. ಪೆಟ್ರೋಲು ಹೆಚ್ಚಾಗಿದ್ದರೆ ಹೊಗೆ ತಣ್ಣಗಿರುತ್ತದೆ. ಕಾರ್ಬ್ಯುರೇಟರಿನ ಜೆಟ್ಟನ್ನು, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಆ ಹಿತ್ತಾಳೆ ತುಣುಕನ್ನು, ಸಣ್ಣದು ಮಾಡುತ್ತ ಹೋದಂತೆ ಹೊಗೆಯ ಬಿಸಿ ಏರುತ್ತದೆ. ಒಂದು ಹಂತದವರೆಗೆ ವೇಗವೂ ಏರುತ್ತದೆ. ಆ ಅಂಚಿನಲ್ಲೇ ಎಂಜಿನ್ ಓಡಿಸುವುದು ಓಟಗಾರರ ಜಾಣತನ. ಅಂಚು ದಾಟುವುದು ಅವರ ಮೂರ್ಖತನ. ಅಂಚು ಎಲ್ಲೂ ಒಂದೇ ಕಡೆ ಇರುವುದಿಲ್ಲ. ಮಿನೆಸೋಟದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯ ಗಾಳಿ ನಮ್ಮ ದುರ್ಗದ 35 ಡಿಗ್ರಿಯ ಗಾಳಿಗಿಂತ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ದಟ್ಟ. ಅಲ್ಲಿ ಎಂಜಿನ್ ಒಂದೇ ಗುಟುಕಿಗೆ ಅಷ್ಟು ಹೆಚ್ಚು ಗಾಳಿ ಕುಡಿಯುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲೂ ಬೇಕು. ಚಳಿ ಹತ್ತು ಡಿಗ್ರಿ ಹೆಚ್ಚಿದ ದಿನ ನಿನ್ನೆಯ ಜೆಟ್ಟು ಇಂದಿಗೆ ಸಣ್ಣದಾಗುತ್ತದೆ. ಮಾಪಕದ ಕಡ್ಡಿಯನ್ನು ಪಿಸ್ಟನ್ನಿನಿಂದ ಎಷ್ಟು ದೂರದಲ್ಲಿ ಇಳಿಬಿಟ್ಟಿದ್ದೇವೆಂಬುದೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಬೆರಳು ಆಚೆ ಸರಿದರೆ ಅದೇ ಎಂಜಿನ್ ಬೇರೆ ಅಂಕಿ ಹೇಳುತ್ತದೆ. ಒಬ್ಬನ ಬಂಡಿಯ 1220 ಇನ್ನೊಬ್ಬನ ಬಂಡಿಗೆ ಮೇಲ್ಪಂಕ್ತಿಯಾಗಲಾರದು.

ಇಷ್ಟೆಲ್ಲ ಹುಡುಗನಿಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನಾನು ಸಮಾಧಾನದಿಂದಿದ್ದೆ.

ಜನವರಿಯ ಒಂದು ಬೆಳಿಗ್ಗೆ ಮತ್ತೆ ಕರೆ ಬಂತು. ಧ್ವನಿಯಲ್ಲಿ ಸಂಭ್ರಮ. ಸಿಲಿಂಡರ್ ಹೆಡ್ಡನ್ನು ಲೇತಿಗೆ ಕೊಟ್ಟು ಸ್ವಲ್ಪ ಕೆತ್ತಿಸಿದ್ದನಂತೆ. ಕೆತ್ತಿಸಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಕಿಡಿ ಹಾರುವ ಹೊತ್ತನ್ನೂ ಎರಡು ಡಿಗ್ರಿ ಮುಂಚಿತ ಮಾಡಿದ್ದನಂತೆ. “ಬಂಡಿ ಬಾಣದ ಹಂಗೆ ಹೋಗ್ತೈತೆ ದೊಡ್ಡಪ್ಪಾ. ಇನ್ನೊಂದು ಖುಷಿ ಏನಂದ್ರೆ, ಬಿಸಿ ಇಳಿದೈತೆ! ಎಡಗಡೇದು 1190, ಬಲಗಡೇದು 1130.”

“ಒಳ್ಳೇದೇ ಆಯ್ತಲ್ಲೋ” ಎಂದೆ. ಹೌದು, ಹಾಗೆಂದವನು ನಾನೇ. ಇದನ್ನು ಮುಚ್ಚಿಡುವುದಿಲ್ಲ.

“ಈಗ ಬಲಗಡೆಗೆ ಒಂದು ನಂಬರು ಸಣ್ಣ ಜೆಟ್ಟು ಹಾಕ್ತೀನಿ. ಪೆಟ್ರೋಲು ಜಾಸ್ತಿ ಆಗಿ ತಣ್ಣಗಾಗಿರಬೇಕು. ಮತ್ತೆ 1220ಕ್ಕೆ ತಂದ್ರೆ ಇನ್ನೂ ಜೋರು ಹೋಗ್ತೈತೆ. ಶನಿವಾರ ಮೂವರು ಸ್ನೇಹಿತರು ಸೇರಿ ಕೆರೆ ದಾಟಿ ಆಚೆ ದಡಕ್ಕೆ ಹೋಗ್ತಾ ಇದೀವಿ.”

“ಸದ್ದು ಹೇಗಿದೆ?” ಎಂದು ಸುಮ್ಮನೆ ಕೇಳಿದೆ.

“ಹೆಲ್ಮೆಟ್ ಒಳಗೆ ಏನು ಕೇಳ್ತೈತೆ ದೊಡ್ಡಪ್ಪಾ? ನಿಂತು ನೋಡ್ದವನೊಬ್ಬ ಹೇಳ್ದ, ಡಬ್ಬದೊಳಗೆ ಕಲ್ಲು ಅಲ್ಲಾಡಿಸ್ದಂಗೆ ಐತೆ ಅಂತ. ಜಾಸ್ತಿ ಒತ್ತಡದ ಎಂಜಿನ್ನು, ಹಂಗೇ ಇರ್ತೈತೆ.”

ಮಾತು ಮುಗಿಯಿತು. ನಾನು ಕಾಫಿಯ ಲೋಟ ಹಿಡಿದು ಹಿತ್ತಿಲಿಗೆ ಬಂದೆ. ಡಬ್ಬದೊಳಗಿನ ಕಲ್ಲು ನನ್ನ ಜೊತೆಯಲ್ಲೇ ಬಂದಿತು. ಗೋಣಿ ಹೊದ್ದ ಯೆಜ್ಡಿ ಎದುರಿಗಿತ್ತು. ಆ ಸದ್ದನ್ನು ನಾನು ಒಮ್ಮೆ ಕೇಳಿದ್ದೆ.

ಅದು 1979ನೆಯ ಇಸವಿ. ನನಗೆ ಇಪ್ಪತ್ಮೂರು, ತಮ್ಮನಿಗೆ ಹದಿನೆಂಟು. ಮೊದಲ ನೌಕರಿಯ ಹಣದಲ್ಲಿ, ಯಾರೋ ಓಡಿಸಿ ಬಿಟ್ಟ ಯೆಜ್ಡಿ ಕೊಂಡಿದ್ದೆ. ಅದು ತಯಾರಿಸಿದವರು ಮಾಡಿದ ಹಾಗೆ ಇದ್ದಿದ್ದರೆ ನೆಟ್ಟಗೆ ಓಡುತ್ತಿತ್ತು. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ನಡೆಯುವ ಮೋಟಾರು ಓಟಗಳ ಸುದ್ದಿ ಓದಿ ತಲೆ ಕೆಡಿಸಿಕೊಂಡಿದ್ದ ನಾನು ಅದನ್ನು ಇದ್ದ ಹಾಗೆ ಬಿಡಲಿಲ್ಲ. ಹೆಡ್ಡನ್ನು ದಾವಣಗೆರೆಗೆ ಒಯ್ದು ಲೇತಿನಲ್ಲಿ ಕೆತ್ತಿಸಿದೆ. ಊರಿನ ಮೇಸ್ತ್ರಿ ಬೇಡವೆಂದ. ವಿಜ್ಞಾನದ ಮೇಷ್ಟರಿಗೆ ಮೇಸ್ತ್ರಿಯ ಮಾತು ರುಚಿಸಲಿಲ್ಲ. ಹೊಗೆಯ ಬಿಸಿ ಅಳೆಯುವ ಮಾಪಕ ನಮ್ಮ ಕಡೆ ಯಾರಿಗೆ ಗೊತ್ತು? ನಮ್ಮ ಮಾಪಕವೆಂದರೆ ಪ್ಲಗ್ಗು. ಬಿಚ್ಚಿ ನೋಡಿದಾಗ ಅದರ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಹದ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಮಿತಿಮೀರಿ ಕಾಯುತ್ತಿದೆಯೆಂದು ಅರ್ಥ. ನನ್ನ ಪ್ಲಗ್ಗು ಹೊಸದರಂತೆ ಬೆಳ್ಳಗಿತ್ತು. ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಎಷ್ಟು ಸ್ವಚ್ಛವಾಗಿದೆಯೆಂದು ಸಂತೋಷಪಟ್ಟು ಮತ್ತೆ ಹಾಕಿದೆ. ಏರು ಹತ್ತುವಾಗ ಎಂಜಿನ್ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂತೆ ಸದ್ದು ಮಾಡುತ್ತಿತ್ತು. ಅದನ್ನು ಹುಮ್ಮಸ್ಸೆಂದು ತಿಳಿದೆ.

ನನ್ನ ತಮ್ಮ ಒಳ್ಳೆಯ ಓಟಗಾರ. ತೋಟದ ಬದುವಿನ ಮೇಲೆ ಓಡಿ ಓಡಿ ಕಲಿತವನು. ಚಿತ್ರದುರ್ಗದಲ್ಲಿ ಕ್ರೀಡಾಕೂಟವಿತ್ತು, ಬಸ್ಸಿಗೆ ಹೋಗುತ್ತೇನೆಂದವನನ್ನು ನಾನೇ ಬಲವಂತ ಮಾಡಿ ಹಿಂದೆ ಕೂರಿಸಿಕೊಂಡೆ. ದಾರಿಯಲ್ಲಿ ಒಂದು ಏರು. ಪೂರ್ತಿ ಆಕ್ಸಿಲರೇಟರ್. ಕಲ್ಲಿನ ಸದ್ದು ಒಮ್ಮೆಗೇ ನಿಂತಿತು. ಜೊತೆಗೆ ಹಿಂದಿನ ಚಕ್ರವೂ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಟೂ-ಸ್ಟ್ರೋಕ್ ಓಡಿಸುವವರು ಎರಡು ಬೆರಳನ್ನು ಯಾವಾಗಲೂ ಕ್ಲಚ್ಚಿನ ಮೇಲಿಟ್ಟಿರಬೇಕೆಂದು ಮೇಸ್ತ್ರಿ ಹೇಳಿದ್ದ. ನನ್ನ ಬೆರಳು ಅಲ್ಲಿರಲಿಲ್ಲ. ನನಗೆ ತರಚಿದ ಗಾಯ. ತಮ್ಮನ ಮಂಡಿ ಕಲ್ಲಿಗೆ ಬಡಿಯಿತು. ಅವನು ಮತ್ತೆ ಓಡಲಿಲ್ಲ. ಈಗಲೂ ಬದುವಿನ ಮೇಲೆ ನಡೆಯುವಾಗ ಬಲಗಾಲನ್ನು ಒಂದು ಕ್ಷಣ ತಡೆದು ಇಡುತ್ತಾನೆ.

ಆ ದಿನ ಅಪ್ಪ ಆಸ್ಪತ್ರೆಗೆ ಓಡಿ ಬಂದಾಗ, ನಾನು ಬಾಯಿ ತೆರೆಯುವ ಮುನ್ನವೇ ತಮ್ಮ ಹೇಳಿದ: “ನಾಯಿ ಅಡ್ಡ ಬಂತಪ್ಪ.” ಅಪ್ಪನ ಕೋಪ ಊರಿಗೆಲ್ಲ ಗೊತ್ತಿದ್ದದ್ದು. ನಾಯಿಗೆ ಬೈದು ಸುಮ್ಮನಾದರು. ನಾನೂ ಸುಮ್ಮನಾದೆ. ಆ ನಾಯಿ ಅಂದಿನಿಂದ ನಮ್ಮ ಮನೆಯಲ್ಲೇ ಉಳಿಯಿತು. ತಮ್ಮನ ಹೆಂಡತಿಗೆ, ಮಕ್ಕಳಿಗೆ ಎಲ್ಲರಿಗೂ ಅದರ ಪರಿಚಯವುಂಟು.

ಹಿತ್ತಿಲಲ್ಲಿ ನಿಂತಿದ್ದಾಗ ಇವೆಲ್ಲ ಒಂದರ ಹಿಂದೊಂದು ಬಂದವು. ಜೊತೆಗೆ, ಬಿಸಿ ಇಳಿದದ್ದೇಕೆಂಬುದೂ ಹೊಳೆಯಿತು. ಹೊಗೆಯ ಬಿಸಿ ಇಳಿಯುವುದಕ್ಕೆ ಪೆಟ್ರೋಲು ಹೆಚ್ಚಾದದ್ದೊಂದೇ ಕಾರಣವಲ್ಲ. ಕಿಡಿ ಬೇಗ ಹಾರಿದರೆ ಉರಿಯ ಬಹುಪಾಲು ಸಿಲಿಂಡರಿನಲ್ಲೇ ಮುಗಿದು ಹೊಗೆ ತಣ್ಣಗಾಗುತ್ತದೆ. ಆ ಬಿಸಿ ಹೆಡ್ಡಿಗೆ, ಪಿಸ್ಟನ್ನಿಗೆ ಸೇರುತ್ತದೆ. ಪೆಟ್ರೋಲು ತೀರ ಕಡಿಮೆಯಾಗಿ ಉರಿ ಸೊರಗಿದರೂ ಹೊಗೆ ತಣ್ಣಗಾಗುತ್ತದೆ. ಎಲ್ಲಕ್ಕಿಂತ ಕೇಡಿನದು ಇನ್ನೊಂದು. ಒತ್ತಡ ಮಿತಿಮೀರಿದರೆ, ಉರಿ ಹಬ್ಬುವ ಮುನ್ನವೇ ಮೂಲೆಯಲ್ಲಿರುವ ಗಾಳಿ ತಾನಾಗಿಯೇ ಸಿಡಿಯುತ್ತದೆ. ಡಬ್ಬದ ಕಲ್ಲಿನ ಸದ್ದು ಅದರದೇ. ಆ ಸಿಡಿತದ ಅಲೆ ಪಿಸ್ಟನ್ನಿನ ಮೇಲೆ ಹೊದ್ದಿದ್ದ ಗಾಳಿಯ ಕಂಬಳಿಯನ್ನು ಕಿತ್ತು ಎಸೆಯುತ್ತದೆ. ಹೊಗೆಯ ಜೊತೆ ಹೊರಗೆ ಹೋಗಬೇಕಾದ ಬಿಸಿ ಲೋಹದೊಳಗೆ ಇಳಿಯುತ್ತದೆ. ಕಾಲುವೆಯಲ್ಲಿ ನೀರು ಕಡಿಮೆಯಾದರೆ ಕೆರೆ ಬತ್ತಿತೆಂದು ಹೇಳಬರುವುದಿಲ್ಲ. ಏರಿ ಒಡೆದು ಊರೊಳಗೆ ನುಗ್ಗಿದ್ದರೂ ಕಾಲುವೆ ಬತ್ತೀತು. ಮಾಪಕವಿದ್ದದ್ದು ಕಾಲುವೆಯಲ್ಲಿ.

ಹುಡುಗ ಮಾಡಹೊರಟಿದ್ದು ಏನು? ಕಂಬಳಿ ಕಳೆದುಕೊಂಡು ಸುಡುತ್ತಿರುವ ಪಿಸ್ಟನ್ನಿಗೆ, ತಣ್ಣಗಿದೆಯೆಂದು ಭಾವಿಸಿ, ಇದ್ದ ಪೆಟ್ರೋಲಿನ ತಂಪನ್ನೂ ಕಡಿಮೆ ಮಾಡಲು ಹೊರಟಿದ್ದ. ಅಂಕಿ ಸರಿಹೋಗಲೆಂದು. ಅದೂ ಶನಿವಾರ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, ಮನೆಮಾರಿಲ್ಲದ ಹೆಪ್ಪುಗಟ್ಟಿದ ಕೆರೆಯ ನಡುವೆ, ನಮ್ಮ ದುರ್ಗದ ರಸ್ತೆಯಲ್ಲಿ ನಾನು ಹೋದದ್ದರ ಎರಡರಷ್ಟು ವೇಗದಲ್ಲಿ.

ಕರೆ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ನಿದ್ದೆಗಣ್ಣಿನ ಧ್ವನಿ ಕೇಳಿತು.

“ಜೆಟ್ಟು ಮುಟ್ಟಬೇಡ” ಎಂದೆ. “ಬಲಗಡೆಯ ಪ್ಲಗ್ಗು ಬಿಚ್ಚಿ ನೋಡು. ಆಮೇಲೆ ಹೆಡ್ಡು ಬಿಚ್ಚು.”

“ಯಾಕೆ ದೊಡ್ಡಪ್ಪಾ? ಮಾಪಕ ಐತಲ್ಲ.”

ವಿವರಿಸಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಎರಡೂ ಕೊಳವೆಗೆ ಒಂದೊಂದು ಮಾಪಕ ಹಾಕಿರುವುದೇ ಬಿಚ್ಚುವ ಕೆಲಸ ತಪ್ಪಲೆಂದು ಎಂದ. ಆಗ ನನಗೆ ಅಡಿಕೆ ನೆನಪಾಯಿತು.

“ಅಡಿಕೆ ಬೇಯಿಸೋದನ್ನ ನೋಡಿದೀಯಲ್ಲೋ? ಸುಲಿದ ಹಸಿ ಅಡಿಕೆ ಹಂಡೆಗೆ ಹಾಕಿ, ಚೊಗರು ಹುಯ್ದು, ಕೆಳಗೆ ಉರಿ ಹಾಕ್ತಾರೆ. ಒಲೆಯ ಉರಿ ನೋಡಿ, ಬೆಂದಿದೆ ಅಂತ ನಿಮ್ಮಪ್ಪ ಎಂದಾದರೂ ಹೇಳಿದ್ದಾನೇನು?”

“ಇಲ್ಲ. ಒಂದು ಕಾಯಿ ತೆಗೆದು ಚುಚ್ಚಿ ನೋಡ್ತಾರೆ.”

“ಉರಿ ಚೆನ್ನಾಗಿದ್ದರೂ?”

“ಚೆನ್ನಾಗಿದ್ರೂ.”

“ನೀನೂ ಒಂದು ಕಾಯಿ ತೆಗೆದು ಚುಚ್ಚಿ ನೋಡು.”

ಆ ಕಡೆ ಸ್ವಲ್ಪ ಹೊತ್ತು ಮೌನ. “ನೋಡ್ತೀನಿ” ಎಂದ. ಆದರೆ ಆ “ನೋಡ್ತೀನಿ”ಯ ಅರ್ಥ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನಿಗೆ ತಿಳಿಯದೆ? ಶನಿವಾರ ಕಳೆದ ಮೇಲೆ ನೋಡುತ್ತೇನೆಂದು ಅರ್ಥ. ಆಗ ಹೇಳಿದೆ: “ನಿಮ್ಮಪ್ಪನ ಕಾಲು ಮುರಿದದ್ದು ನಾಯಿಯಿಂದಲ್ಲ, ಕಣೋ.”

ನಲವತ್ತು ವರ್ಷಕ್ಕೂ ಮೀರಿ ನುಂಗಿಕೊಂಡಿದ್ದ ಮಾತು. ಹೆಡ್ಡು ಕೆತ್ತಿಸಿದ್ದು, ಬೆಳ್ಳನೆಯ ಪ್ಲಗ್ಗು, ಮೇಸ್ತ್ರಿಯ ಎಚ್ಚರಿಕೆ, ಡಬ್ಬದೊಳಗಿನ ಕಲ್ಲು ಎಲ್ಲವನ್ನೂ ಹೇಳಿದೆ. ಐದು ನಿಮಿಷ ಹಿಡಿಯಿತೋ ಏನೋ. ಹುಡುಗ ನಡುವೆ ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ, “ಸರಿ ದೊಡ್ಡಪ್ಪಾ” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಆ ಹಗಲು ಇಡೀ ನನಗೆ ಊಟ ಸೇರಲಿಲ್ಲ. ಒಂದು ಕಡೆ ಹುಡುಗ ಕೇಳುತ್ತಾನೋ ಇಲ್ಲವೋ ಎಂಬ ಚಿಂತೆ. ಇನ್ನೊಂದು ಕಡೆ, ಇಷ್ಟು ಕಾಲ ದೊಡ್ಡಪ್ಪನೆಂದು ಗೌರವ ಕೊಟ್ಟವನು ಇನ್ನು ಹೇಗೆ ಮಾತಾಡಿಸುತ್ತಾನೋ ಎಂಬ ಅಳುಕು. ಎರಡನೆಯ ಚಿಂತೆಯೇ ಹೆಚ್ಚಾಗಿತ್ತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಕರೆ ಬರಲಿಲ್ಲ. ಮೂರು ಚಿತ್ರಗಳು ಬಂದವು. ಮೊದಲನೆಯದು ಪ್ಲಗ್ಗು: ಬೆಳ್ಳನೆಯ ಪಿಂಗಾಣಿ, ಮೇಲೆ ಕಪ್ಪು ಚುಕ್ಕೆ, ಅವುಗಳ ನಡುವೆ ಸೂಜಿಮೊನೆಯಷ್ಟು ಹೊಳೆಯುವ ಕಣಗಳು. ಆ ಹೊಳಪು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ. ಎರಡನೆಯದು ಎಡಗಡೆಯ ಪಿಸ್ಟನ್: ಕಂದು ಬಣ್ಣ, ಹಸಿ ಪೆಟ್ರೋಲು ಒಳನುಗ್ಗುವ ಕಡೆಗಳಲ್ಲಿ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ. ಪೆಟ್ರೋಲಿನ ಹದ ಸರಿಯಿದ್ದರೆ ಹಾಗೆಯೇ ಇರಬೇಕು. ಮೂರನೆಯದು ಬಲಗಡೆಯ ಪಿಸ್ಟನ್, ಮಾಪಕ ತಣ್ಣಗಿದೆಯೆಂದು ಹೇಳಿದ್ದು. ಅದರ ಒಂದು ಅಂಚು ಗೆದ್ದಲು ತಿಂದ ತೊಲೆಯ ಹಾಗಿತ್ತು.

ಚಿತ್ರಗಳ ಕೆಳಗೆ ಒಂದೇ ಸಾಲು: “ಶನಿವಾರ ಹೋಗ್ತಾ ಇಲ್ಲ.”

ಆಮೇಲೆ ಅವನು ಹೊಸ ಪಿಸ್ಟನ್ ಹಾಕಿದ. ಹಳೆಯ ಅಳತೆಯ ಹೆಡ್ಡನ್ನೇ ತಂದು ಕೂಡಿಸಿದ. ಕಿಡಿಯ ಹೊತ್ತನ್ನು ಮೊದಲಿನಂತೆ ಮಾಡಿದ. ಜೆಟ್ಟನ್ನು ಒಂದು ನಂಬರು ದೊಡ್ಡದೇ ಹಾಕಿದನಂತೆ. ಫೆಬ್ರವರಿಯಲ್ಲಿ ಬಂಡಿ ಮತ್ತೆ ಹೊರಟಿತು. ಎರಡೂ ಕಡೆ 1200ರ ಆಸುಪಾಸು, ಎರಡಕ್ಕೂ ಅಂತರ ಬಹಳ ಕಡಿಮೆ. “ಬಿಸಿ ಏರಿದೆ ದೊಡ್ಡಪ್ಪಾ” ಎಂದ. ನನಗೆ ಆ ಮಾತು ಕೇಳಿ ಆದಷ್ಟು ನೆಮ್ಮದಿ ಇತ್ತೀಚೆಗೆ ಬೇರೆ ಯಾವ ಮಾತಿನಿಂದಲೂ ಆಗಿರಲಿಲ್ಲ. ಈಗ ಪ್ರತಿ ಓಟದ ಮೇಲೂ ಪ್ಲಗ್ಗು ಬಿಚ್ಚಿ ನೋಡುತ್ತಾನೆ. ಮಾಪಕವನ್ನೂ ಕಿತ್ತುಹಾಕಿಲ್ಲ, ಕಿತ್ತುಹಾಕೆಂದು ನಾನೂ ಹೇಳಲಿಲ್ಲ. ಅಮ್ಮ ಹಣೆ ಮುಟ್ಟುವುದನ್ನು ಬಿಟ್ಟಿರಲಿಲ್ಲವಷ್ಟೆ, ಅಂಗಾಲನ್ನೂ ಮುಟ್ಟುತ್ತಿದ್ದಳು.

ನನ್ನ ವಿಷಯದಲ್ಲಿ ಅವನು ಏನೂ ಹೇಳಲಿಲ್ಲ. ಮೊದಲಿನಂತೆಯೇ ದೊಡ್ಡಪ್ಪಾ ಎನ್ನುತ್ತಾನೆ. ಕರೆಗಳು ಮೊದಲಿಗಿಂತ ಸ್ವಲ್ಪ ಹೆಚ್ಚಾಗಿವೆ. ಇನ್ನುಳಿದವನು ತಮ್ಮ. ಅವನ ಮಗನಿಗೆ ಹೇಳಿದ್ದನ್ನು ಅವನಿಗೆ ತಿಳಿಸದಿರುವುದು ಸರಿಯಲ್ಲವೆಂದು ಒಂದು ಸಂಜೆ ತೋಟಕ್ಕೆ ಹೋದೆ. ಅವನು ಕಾಲುವೆಯ ತೂಬಿನ ಬಳಿ ಕುಳಿತಿದ್ದ, ಬಲಗಾಲು ಚಾಚಿಕೊಂಡು. ಹುಡುಗನಿಗೆ ನಿಜ ಹೇಳಿಬಿಟ್ಟೆ, ನಾಯಿಯ ಸುಳ್ಳು ಮುಗಿಯಿತು ಎಂದೆ.

ಅವನು ತೂಬಿಗೆ ಹುಲ್ಲಿನ ಹೆಂಟೆ ಇಟ್ಟು ನೀರು ತಿರುಗಿಸಿದ. ತಿರುಗಿದ ನೀರನ್ನು ಸ್ವಲ್ಪ ಹೊತ್ತು ನೋಡಿದ.

“ನಾಯಿ ಬಂದಿತ್ತು ಕಣಣ್ಣ” ಎಂದ. “ನೀನು ನೋಡ್ಲಿಲ್ಲ.”